ಎದುರು ಬರುವವಳು

ಬೆಳಿಗ್ಗೆ ಮನೆ ಬಿಡುವಾಗ ಎದುರಿಗೆ ಯಾರು ಬಂದರು ಅಂತ ನೀವು ನೋಡುತ್ತೀರೋ ಇಲ್ಲವೋ? ಇಲ್ಲ ಅಂತ ತಲೆ ಅಲ್ಲಾಡಿಸಬೇಡಿ. ಹೆಣ್ಣು ನೋಡಲು ಹೊರಟಾಗ, ಸೈಟು ರಿಜಿಸ್ಟರ್ ಮಾಡಿಸಲು ಹೊರಟಾಗ, ಚಪ್ಪಲಿ ಸರಿ ಮಾಡಿಕೊಳ್ಳುವ ನೆಪದಲ್ಲಿ ಬಾಗಿಲಲ್ಲಿ ನಿಂತು ಬೀದಿಯ ಆ ತುದಿ ಈ ತುದಿ ಇಣುಕಿದವರು ನೀವಲ್ಲವೇ? ನನ್ನ ಹತ್ತಿರ ಆಟ ಬೇಡ. ನಾನು ಶಿಡ್ಲಘಟ್ಟದ ಬೀದಿಯೊಂದರಲ್ಲಿ ಜಗಲಿಯ ಮೇಲೆ ಕೂತೂ ಕೂತೂ ಮುದುಕಿಯಾದವಳು. ಯಾರು ಯಾರನ್ನು ನೋಡಿ ಹೊರಟರು, ಯಾರನ್ನು ನೋಡಿ ಒಳಕ್ಕೆ ವಾಪಸ್ಸು ಹೋದರು, ಎಲ್ಲ ಬಲ್ಲೆ.

ಮೊಮ್ಮಗಳು ಫೋನಿನಲ್ಲಿ ಕನ್ನಡ ಕುಟ್ಟುವುದು ಕಲಿಸಿಕೊಟ್ಟಳು. ಮೊದಲು ನನ್ನ ತಮ್ಮನಿಗೆ ಒಂದು ಬೈಗುಳ ಕಳಿಸಿ ನೋಡಿದೆ. ತಲುಪಿತು. ಧೈರ್ಯ ಬಂತು. ಈಗ ಒಂದೇ ಬೆರಳಿನಲ್ಲಿ ಇಷ್ಟುದ್ದ ಬರೆಯಲು ಕೂತಿದ್ದೇನೆ, ಯಾಕೆಂದರೆ ಎದುರುಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರೆ, ಅವರು ಮಾತಿಗೇ ಸಿಗುವುದಿಲ್ಲ. ಮೊದಲು ಆ ಮನೆಯಲ್ಲಿದ್ದವಳು ಗಂಡನ ಜೊತೆ ಗೌರಿಬಿದನೂರಿನ ತಂಗಿ ಮನೆ ಸೇರಿಕೊಂಡಳು. ಹೆಸರು ಬರೆಯುವುದಿಲ್ಲ. ಅವಳ ಕೇಸು ಮೇಲಿನ ಕೋರ್ಟಿನಲ್ಲಿ ಇನ್ನೂ ಇದೆ.

ಅವಳದ್ದು ಕೇಸು ಏನಂದರೆ, ಸುಟ್ಟುಹೋದ ಮುಖಕ್ಕೆ ನ್ಯಾಯವಾದ ಪರಿಹಾರ ಕೊಡಿ ಅಂತ. ಅಷ್ಟೇ. ಕೇಳಲು ಎಷ್ಟು ಚಿಕ್ಕದು ನೋಡಿ.

ನಮ್ಮ ಬೀದಿಯಲ್ಲಿ ನಲ್ಲಿ ಬಿಡುವ ಹೊತ್ತೂ ರೀಲರುಗಳು ಗೂಡಿನ ಮಾರುಕಟ್ಟೆಗೆ ಹೊರಡುವ ಹೊತ್ತೂ ಒಂದೇ. ರೀಲರು ಅಂದರೆ ರೇಷ್ಮೆಗೂಡು ಕೊಂಡು, ಬೇಯಿಸಿ, ಆಳುಗಳಿಂದ ನೂಲು ತೆಗೆಸುವವರು. ಹರಾಜಿನಲ್ಲಿ ಒಳ್ಳೆಯ ಗೂಡು ಸಿಕ್ಕಿದರೆ ಎಳೆ ಸಲೀಸಾಗಿ ಬರುತ್ತದೆ, ಕೆಟ್ಟದ್ದು ಸಿಕ್ಕಿದರೆ ಪಟಪಟ ಕಿತ್ತುಹೋಗುತ್ತದೆ. ಎಷ್ಟು ಮುಟ್ಟಿ ಅಲ್ಲಾಡಿಸಿ ನೋಡಿದರೂ ಬೇಯಿಸುವ ತನಕ ಧೈರ್ಯವಿಲ್ಲ. ಅದಕ್ಕೇ ಶಕುನ ನೋಡುವುದರಲ್ಲಿ ನಮ್ಮ ರೀಲರುಗಳನ್ನು ಮೀರಿಸಿದವರಿಲ್ಲ.

ಇವಳು ಈ ಬೀದಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಬರುತ್ತಿದ್ದಳು. ಹಣೆ ತುಂಬ ಕುಂಕುಮ, ತಲೆಯಲ್ಲಿ ಒಂದು ತುಂಡು ಕನಕಾಂಬರ, ಕಾರಣವಿಲ್ಲದೆ ನಗುವ ಮುಖ. ಎದುರಿಗೆ ಒಬ್ಬ ರೀಲರು ಸ್ಕೂಟರಿನಲ್ಲಿ ಹೊರಟಿದ್ದರು. ಆ ದಿನ ಅವರಿಗೆ ಎಂಥ ಗೂಡು ಸಿಕ್ಕಿತೋ, ಸಂಜೆ ಬಂದು ಅವಳ ಅತ್ತೆಗೆ ಒಂದು ಪೊಟ್ಟಣ ಮೈಸೂರುಪಾಕು ಕೊಟ್ಟು ಹೋದರು. ಮಾರನೆಯ ದಿನದಿಂದ ಶುರುವಾಯಿತು ನೋಡಿ. ಗಂಡಸರು ಸ್ಕೂಟರು ಒದ್ದುಕೊಂಡು, ಸ್ಟಾರ್ಟ್ ಆದದ್ದನ್ನೂ ಆಫ್ ಮಾಡಿಕೊಂಡು ಕಾಯುವರು. ಇವಳು ಕೊಡ ಹೊತ್ತು ಎದುರು ಬಂದರೆ ಹೊರಡುವರು. ನಲ್ಲಿ ಬಾರದ ದಿನ ಮನೆಯ ತೊಟ್ಟಿಯಿಂದಲೇ ಕೊಡ ತುಂಬಿಸಿಕೊಂಡು ಹೊರಗೆ ಬಂದು ಒಂದು ಸುತ್ತು ಹಾಕಿ ಹೋಗುವಳು, ಪಾಪ, ಯಾರಿಗೂ ಬೇಜಾರಾಗಬಾರದು ಅಂತ.

"ದೊಡ್ಡಮ್ಮ, ಈ ಗಂಡಸ್ರೆಲ್ಲ ಸೇರಿ ನನ್ ಮುಖಕ್ಕೆ ಬಾಡಿಗೆ ಕೊಡ್ಬೇಕು ಕಣಮ್ಮ," ಅಂತ ನನ್ನ ಹತ್ತಿರ ನಗುವಳು.

"ಇಸ್ಕೊಳೇ, ಅಡ್ವಾನ್ಸೂ ಕೇಳು," ಅನ್ನುತ್ತಿದ್ದೆ ನಾನು.

ಆ ಮೈಸೂರುಪಾಕಿನ ಸಾಹುಕಾರರೇ ಅವಳನ್ನು ತಮ್ಮ ಯೂನಿಟ್ಟಿನಲ್ಲಿ ನೂಲು ತೆಗೆಯುವ ಕೆಲಸಕ್ಕೆ ಇಟ್ಟುಕೊಂಡರು. ಕೆಲಸ ಚೆನ್ನಾಗಿ ಕಲಿತಳು, ಅದು ಬೇರೆ ಮಾತು. ಆದರೆ ಸಾಹುಕಾರರ ಲೆಕ್ಕಾಚಾರವೇ ಬೇರೆ. ಮಾರುಕಟ್ಟೆಗೆ ಹೊರಡುವ ಮೊದಲು ಅವಳನ್ನು ಯೂನಿಟ್ಟಿನ ಗೇಟಿನ ಆಚೆ ಕಳಿಸಿ, ಕೊಡ ಹೊತ್ತು ಒಳಗೆ ಬರಲು ಹೇಳುವರು. ಆಮೇಲೆ ತಾವು ಹೊರಡುವರು. ಬೀದಿಯ ಉಳಿದ ರೀಲರುಗಳು ಇದಕ್ಕೆ ಎಷ್ಟು ಹೊಟ್ಟೆ ಉರಿದುಕೊಂಡರು ಅಂತೀರಿ!

ನೂಲು ತೆಗೆಯುವ ಯೂನಿಟ್ಟಿನಲ್ಲಿ ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ, ಆ ನೀರಿಗೆ ಬಾಯ್ಲರಿನಿಂದ ಪೈಪಿನಲ್ಲಿ ಹಬೆ ಬರುತ್ತದೆ. ಪೈಪಿನ ಜಾಯಿಂಟೊಂದು ಸೀಳಿ ಹಬೆ ಸೋರುತ್ತಿತ್ತು. ಸಾಹುಕಾರರು ಅದಕ್ಕೆ ಸೈಕಲ್ ಟ್ಯೂಬು ಸುತ್ತಿಸಿ, "ಹಬ್ಬ ಆಗ್ಲಿ, ಹೊಸಾದು ಹಾಕ್ಸಣ" ಅಂದಿದ್ದರು. ಹಬ್ಬ ಬಂತು, ಹೋಯಿತು. ಇವಳು ಎರಡು ಮೂರು ಸಲ ಹೇಳಿದಳು. ಆಮೇಲೊಂದು ದಿನ ಟ್ಯೂಬು ಕಿತ್ತುಕೊಂಡು ಹೋಗಿ ಹಬೆಯೆಲ್ಲ ಅವಳ ಮುಖಕ್ಕೇ ಬಡಿಯಿತು.

ಬೆಂಗಳೂರಿನ ಆಸ್ಪತ್ರೆಯಿಂದ ಬಂದ ದಿನ ನಾನು ನೋಡಲು ಹೋದೆ. ಎಡಗಡೆಯ ಕೆನ್ನೆ, ಕಿವಿ, ಕುತ್ತಿಗೆ ಎಲ್ಲ ಒಂದಕ್ಕೊಂದು ಅಂಟಿ ಬಿಗಿದುಕೊಂಡಿತ್ತು. ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿ ಕೆಂಪು ಕಾಣುತ್ತಿತ್ತು. ಅವಳೇ ಮಾತಾಡಿದಳು. ನಕ್ಕಳು ಕೂಡ. ತುಟಿಯ ಒಂದು ತುದಿ ಮಾತ್ರ ಮೇಲೆ ಹೋಯಿತು.

"ಅರ್ಧ ಟಿಕೆಟ್ ನಗು ದೊಡ್ಡಮ್ಮ. ಅಡ್ಜಸ್ಟ್ ಮಾಡ್ಕೋ," ಅಂದಳು.

ಕೇಸು ಹಾಕಿದ ಮೇಲೆ ಆ ಮಾತಿಗೆ ಇನ್ನೊಂದು ಬಾಲ ಸೇರಿತು. ಯಾರಾದರೂ ಅವಳ ನಗು ನೋಡಿ ಕಣ್ಣು ತಗ್ಗಿಸಿದರೆ, "ಇನ್ನರ್ಧ ಕೋರ್ಟಲ್ಲೈತೆ, ಬಂದ್ಮೇಲೆ ತೋರಿಸ್ತೀನಿ," ಅನ್ನುವಳು.

ಸುಧಾರಿಸಿಕೊಂಡ ಮೇಲೆ ಮತ್ತೆ ನಲ್ಲಿಯಿಂದ ತುಂಬಿದ ಕೊಡ ಹೊತ್ತು ಬಂದ ಮೊದಲ ಬೆಳಿಗ್ಗೆ ನಾನು ಜಗಲಿಯ ಮೇಲೇ ಇದ್ದೆ. ಒಬ್ಬರು ಫೋನು ಬಂದವರ ಹಾಗೆ ಕಿವಿಗಿಟ್ಟುಕೊಂಡು ಒಳಗೆ ಹೋದರು. ಇನ್ನೊಬ್ಬರು ಸ್ಕೂಟರು ತಿರುಗಿಸಿ ಹಿಂದಿನ ಬೀದಿಯಿಂದ ಹೋದರು. ಮೈಸೂರುಪಾಕಿನ ಸಾಹುಕಾರರು ಮನೆಯೊಳಗೆ ಹೋಗಿ, ನೀರು ಕುಡಿದು, ಒಂದು ಗಳಿಗೆ ಕೂತು, ಅಪಶಕುನ ಕಳೆದುಕೊಂಡು ಆಮೇಲೆ ಹೊರಟರು. ಇವಳು ಆ ತುಂಬಿದ ಕೊಡದ ಜೊತೆ ಬಂದು ನನ್ನ ಜಗಲಿಯ ಹತ್ತಿರ ನಿಂತಳು. "ಕೊಡ ಅದೇನೇ ಅಲ್ವಾ ದೊಡ್ಡಮ್ಮ?" ಅಂತ ಕೇಳಿದಳು. ಮಾರನೆಯ ದಿನದಿಂದ ಎಲ್ಲರೂ ಹೋದ ಮೇಲೆ ನೀರಿಗೆ ಬರತೊಡಗಿದಳು. ಅಷ್ಟು ಹೊತ್ತಿಗೆ ನಲ್ಲಿ ಸಣ್ಣಗೆ ಬರುತ್ತದೆ.

ಸಾಹುಕಾರರು ಮೊದಲು ಆಸ್ಪತ್ರೆಗೆ ಒಂದಿಷ್ಟು ಕೊಟ್ಟರು. ಆಮೇಲೆ ಕೈ ಎತ್ತಿಬಿಟ್ಟರು. ಗಂಡ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು, ಬಾಯಿಲ್ಲದ ಮನುಷ್ಯ. ಅವನು ಹೋಗಿ ನಿಂತರೆ ಸಾಹುಕಾರರು, "ಕೈ ಕಾಲು ಗಟ್ಟಿಯಾಗವೆ, ಬಂದು ಕೆಲಸ ಮಾಡ್ಲಿ. ನೂಲು ಕೈಯಲ್ಲಿ ತೆಗೀತಾರೋ ಮುಖದಲ್ಲಿ ತೆಗೀತಾರೋ?" ಅಂದರಂತೆ. ಅವನು ಬಂದು ಹಾಗೇ ಹೆಂಡತಿಗೆ ಹೇಳಿಬಿಟ್ಟ. ಮಾತು ಬಚ್ಚಿಡಲೂ ಬಾರದವನು.

ಅವಳು ಆ ಮಾತಿಗೆ ಕೇಸು ಹಾಕಿದಳು. ಸುಟ್ಟಿದ್ದಕ್ಕಿಂತ ಹೆಚ್ಚಾಗಿ ಆ ಮಾತಿಗೆ.

ಚಿಂತಾಮಣಿಯ ಒಬ್ಬ ಹುಡುಗಿ ಲಾಯರು ಸಿಕ್ಕಳು. ಮಾತು ನಮ್ಮ ಕಡೆಯ ಹಾಗೆ ಅರ್ಧ ತೆಲುಗು ಅರ್ಧ ಕನ್ನಡ. ನಾನೂ ಜೊತೆಗೆ ಹೋಗುತ್ತಿದ್ದೆ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಬಾಯಿಗೆ ಕೆಲಸ ಸಿಗುತ್ತದೆ. ಲಾಯರಮ್ಮ ಬಿಡಿಸಿ ಹೇಳಿದಳು: "ಮುಖ ತೀರಾ ಕೆಟ್ಟೋಗಿದ್ರೆ ಪೂರ್ತಿ ಪರಿಹಾರ ಕೊಡ್ಬೇಕು ಅಂತ ಕಾನೂನಲ್ಲೇ ಇದೆ. ಇಲ್ಲ ಅಂದ್ರೆ ಕೆಲಸ ಮಾಡೋ ಶಕ್ತಿ ಎಷ್ಟು ಹೋಗಿದೆ ಅಂತ ಡಾಕ್ಟ್ರು ಹೇಳ್ಬೇಕು, ಅಷ್ಟಕ್ಕೇ ಲೆಕ್ಕ. ನಾವು 'ತೀರಾ' ಅಂತ ಸಾಬೀತು ಮಾಡಣ."

"ತೀರಾ ಅಂದ್ರೆ ಎಷ್ಟಮ್ಮ?" ಅಂತ ಇವಳು ಕೇಳಿದಳು. "ಮಗು ಅತ್ರೆ ಸಾಕಾ, ನಾಯಿ ಬೊಗಳ್ಬೇಕಾ?"

"ಅಯ್ಯೋ ರಾಮಾ, ಕೋರ್ಟಲ್ಲಿ ಇಂಗೆಲ್ಲ ಮಾತಾಡಬೇಡಿ ತಲ್ಲೀ," ಅಂದಳು ಲಾಯರಮ್ಮ.

ಕೇಸಿನ ಕಾಗದದ ಜೊತೆ ಮುಖದ ಫೋಟೋ ಬೇಕು ಅಂದಳು. ಅಲ್ಲಿ ಆದದ್ದು ಕೇಳಿ. ನಮ್ಮ ಕಡೆ ದೊಡ್ಡವರ ಎದುರಿಗೆ ಹೋಗುವಾಗ ಹಾಗೇ ಹೋಗುತ್ತೇವೆಯೇ? ಮುಖ ತೊಳೆದು, ಪೌಡರು ಹಚ್ಚಿ, ಒಳ್ಳೆಯ ಸೀರೆ ಉಟ್ಟು, ಹೂವು ಮುಡಿದೇ ಹೋಗುವುದು. ಜಡ್ಜು ನೋಡುವ ಫೋಟೋ ಅಂದ ಮೇಲೆ ಕೇಳಬೇಕೇ? ಮದುವೆಗೆ ಹೊರಟವಳ ಹಾಗೆ ಅಲಂಕಾರ ಮಾಡಿಕೊಂಡು ಬಸ್‌ಸ್ಟ್ಯಾಂಡಿನ ಸ್ಟುಡಿಯೋದಲ್ಲಿ ಕೂತಳು. ಸ್ಟುಡಿಯೋದವನು ನಮ್ಮ ಊರಿನ ಎಲ್ಲರ ಮುಖವನ್ನೂ ತೊಳೆಯುವವನು. ಕಪ್ಪಗಿದ್ದರೆ ಬೆಳ್ಳಗೆ, ಮೊಡವೆ ಇದ್ದರೆ ನುಣ್ಣಗೆ. ಕೇಳುವುದೇ ಬೇಡ, ಕೇಳದೆಯೇ ಮಾಡುತ್ತಾನೆ. ಇವಳನ್ನು ನೋಡಿ ಅವನಿಗೆ ಇನ್ನೂ ಕನಿಕರ ಬಂತು. ಕಂಪ್ಯೂಟರಿನಲ್ಲಿ ಕೂತು, ಬಲಗೆನ್ನೆಯನ್ನೇ ತಿರುಗಿಸಿ ಎಡಕ್ಕೆ ಅಂಟಿಸಿ, ಕಣ್ಣು ಸರಿಮಾಡಿ, ಕವರಿನಲ್ಲಿ ಹಾಕಿ ಕೊಟ್ಟ. ದುಡ್ಡೂ ಪೂರ್ತಿ ತೆಗೆದುಕೊಳ್ಳಲಿಲ್ಲ.

ಇವಳು ಬಸ್ಸಿನಲ್ಲಿ ಕವರು ಬಿಚ್ಚಿ ನೋಡಿದಳು. ತುಂಬ ಹೊತ್ತು ನೋಡಿದಳು. ಅದರಲ್ಲಿ ಹಳೆಯ ನಗು ಪೂರ್ತಿ ಇತ್ತು, ಆಮೇಲೆ ಕೋರ್ಟಿನಲ್ಲಿ ಕಂಡೆ. ನನಗೂ ತೋರಿಸಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡು ಹಾಗೇ ಮುಚ್ಚಿದಳು. ಲಾಯರಮ್ಮನ ಗುಮಾಸ್ತ ಕವರು ತೆಗೆದುಕೊಂಡು, ಒಳಗೆ ಏನಿದೆ ಅಂತ ನೋಡದೆ ಲಗತ್ತಿಸಿಬಿಟ್ಟ.

ಆಮೇಲೆ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಕೈ ಎತ್ತಿಸಿದರು, ಬೆರಳು ಮಡಿಸಿಸಿದರು, ಕೂರಿಸಿ ಏಳಿಸಿದರು. "ಮುಖ ನೋಡಿ ಸಾರ್, ಹಬೆ ಹತ್ರ ಹೋದ್ರೆ ಚರ್ಮ ಉರಿಯುತ್ತೆ, ಕಣ್ಣಲ್ಲಿ ನೀರು ಸುರಿಯುತ್ತೆ, ಎಳೆ ಕಾಣಲ್ಲ," ಅಂದಳು. "ನೋಡಿದೆನಮ್ಮ. ಹಬೆ ಇಲ್ದಿರೋ ಕೆಲಸ ಮಾಡಬಹುದಲ್ಲ," ಅಂದರು. ಅವರು ತಪ್ಪು ಹೇಳಲಿಲ್ಲ. ಆಗ ಅವಳು ಮನೆಯಲ್ಲಿ ಹುಣಸೆಹಣ್ಣು ಬಿಡಿಸುವ ಕೂಲಿ ಮಾಡುತ್ತಿದ್ದಳು. ಹುಣಸೆಹಣ್ಣಿಗೆ ಹಬೆ ಇಲ್ಲ. ಕೂಲಿಯೂ ಇಲ್ಲ ಅನ್ನುವಷ್ಟೇ.

ಒಂದು ಸಲ ಚಿಂತಾಮಣಿಗೆ ಹೋದವರು ಹಾಗೇ ಮುರುಗಮಲ್ಲದ ದರ್ಗಾಕ್ಕೆ ಹೋದೆವು. ಅಲ್ಲಿಗೆ ಎಲ್ಲ ಜಾತಿಯವರೂ ಬರುತ್ತಾರೆ, ಒಬ್ಬೊಬ್ಬರದು ಒಂದೊಂದು ಕಷ್ಟ. ಯಾರಿಗೂ ಇನ್ನೊಬ್ಬರ ಮುಖ ನೋಡಲು ಪುರಸೊತ್ತಿಲ್ಲ. ಅಲ್ಲಿ ಕಟ್ಟೆಯ ಮೇಲೆ ಕೂತು ಕಡಲೆಪುರಿ ತಿನ್ನುತ್ತ ಅವಳು, "ಇಲ್ಲಿ ಯಾರೂ ನನ್ ನೋಡ್ಲಿಲ್ಲ ದೊಡ್ಡಮ್ಮ, ಹಾಯಾಗೈತೆ," ಅಂದಳು. ಪುರಿಯ ಪೊಟ್ಟಣ ನನ್ನ ಕಡೆ ತಳ್ಳಿ, "ಕೋರ್ಟಲ್ಲೂ ಯಾರೂ ನೋಡಲ್ಲ. ನೋಡಿ ಅಂತ ನಾನು ಲಾಯರ್ಗೆ ದುಡ್ಡು ಕೊಟ್ಟು ಹೋಗೋದು ಅಲ್ಲಿಗೇ," ಅಂದಳು.

ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ನಾವು ಕಾದ ದಿನಗಳನ್ನು ಬರೆದರೆ ಈ ಫೋನಿನ ಚಾರ್ಜು ಮುಗಿಯುತ್ತದೆ. ಒಂದು ದಿನ ಅವರ ಲಾಯರಿಗೆ ಜ್ವರ. ಇನ್ನೊಂದು ದಿನ ಜಡ್ಜು ರಜ. ಮತ್ತೊಂದು ದಿನ ಎಲ್ಲರೂ ಇದ್ದರು, ಕರೆಂಟಿಲ್ಲ. ಆಮೇಲೆ ಜಡ್ಜಿಗೇ ವರ್ಗವಾಗಿ ಹೊಸಬರು ಬಂದರು, ಎಲ್ಲ ಹೊಸದಾಗಿ ಓದಬೇಕು ಅಂದರು. ಪ್ರತಿ ಸಲ ಇವಳು ಪೌಡರು ಹಚ್ಚುವಳು, ಲಾಯರಮ್ಮ ಕರವಸ್ತ್ರ ಒದ್ದೆ ಮಾಡಿ ಒರೆಸುವಳು.

"ಮುಖಕ್ಕೆ ಪೌಡರ್ ಹಾಕ್ದೆ ಜಡ್ಜ್ ಮುಂದೆ ನಿಂತ್ರೆ ಅವ್ರಿಗೆ ಮರ್ಯಾದೆ ಕೊಟ್ಟಂಗಾಗುತ್ತಾ?" ಅಂತ ಇವಳು.

"ನಿಮ್ ಮರ್ಯಾದೆ ಕಟ್ಕೊಂಡು ಕೇಸು ಸೋಲ್ತೀನಿ ನಾನು," ಅಂತ ಅವಳು.

ಕೊನೆಗೆ ಪಾಟೀಸವಾಲಿನ ದಿನ ಬಂತು. ಸಾಹುಕಾರರ ಲಾಯರು ಆ ಫೋಟೋ ಎತ್ತಿ ಹಿಡಿದರು. ಲಾಯರಮ್ಮ ಅದನ್ನು ಆಗಲೇ ಮೊದಲ ಸಲ ಸರಿಯಾಗಿ ನೋಡಿದ್ದು. ಅವಳ ಮುಖ ಇವಳ ಮುಖಕ್ಕಿಂತ ಕೆಟ್ಟಿತು.

"ಈ ಫೋಟೋ ನಿಮ್ಮದೇನಾ?"

"ನಂದೇ."

"ಅಪಘಾತ ಆದ್ಮೇಲೆ ತೆಗೆಸಿದ್ದು?"

"ಹೌದು."

"ಇದ್ರಲ್ಲಿ ಗಾಯ ಎಲ್ಲಿದೆಯಮ್ಮ?"

"ಗಾಯ ಇಲ್ಲೈತಲ್ಲ ಸ್ವಾಮಿ, ನನ್ ಮುಖದ ಮೇಲೆ. ಫೋಟೋದಲ್ಲಿ ಯಾಕ್ ಹುಡುಕ್ತೀರ?"

ಜನ ನಕ್ಕರು. ಆದರೆ ಆ ಲಾಯರು ನಗಲಿಲ್ಲ. ಅಪಘಾತದ ನಂತರವೂ ಮುಖ ಚೆನ್ನಾಗಿಯೇ ಇತ್ತು, ಇದು ಆಮೇಲೆ ಮನೆಯ ಒಲೆಯಲ್ಲಿ ಸುಟ್ಟುಕೊಂಡದ್ದು ಅಂತ ವಾದ ಮಾಡಿದರು. ನನಗೋ ಎದ್ದು ಹೋಗಿ ಆ ಕರಿ ಕೋಟು ಹಿಡಿದು ಜಗ್ಗುವಷ್ಟು ಸಿಟ್ಟು. ಪಕ್ಕದ ಪೊಲೀಸಿನವನು, "ಅಜ್ಜಿ, ಕೂತ್ಕೊಳಮ್ಮ," ಅಂದ. ನಾನು ಎದ್ದದ್ದು ನನಗೇ ಗೊತ್ತಿರಲಿಲ್ಲ.

ಸ್ಟುಡಿಯೋದವನನ್ನು ಸಾಕ್ಷಿಗೆ ಕರೆಸಬೇಕಾಯಿತು. ಅದಕ್ಕೆ ಇನ್ನಷ್ಟು ವಾಯಿದೆ. ಅವನು ಬಂದು ಬೆವರುತ್ತ ನಿಂತು, "ಎಲ್ರಿಗೂ ಮಾಡ್ಕೊಡ್ತೀನಿ ಸಾರ್, ಪಾಪ ಅನ್ನಿಸ್ತು," ಅಂದ. ಸಾಹುಕಾರರ ಲಾಯರು, ಹೇಳಿಕೊಟ್ಟು ಸುಳ್ಳು ಹೇಳಿಸುತ್ತಿದ್ದಾರೆ ಅಂತ ಗದರಿಸಿದರು. "ಇಲ್ಲ ಸಾರ್, ನಿಮ್ ಆಫೀಸಲ್ಲಿ ತೂಗಾಕಿರೋ ಫೋಟೋನೂ ನಾನೇ ಬೆಳ್ಳಗೆ ಮಾಡಿದ್ದು, ತಲೇಲಿ ಕೂದ್ಲೂ ಸೇರಿಸಿದೀನಿ," ಅಂದುಬಿಟ್ಟ. ಜಡ್ಜು ಕೂಡ ಬಾಯಿಗೆ ಕೈ ಅಡ್ಡ ಹಿಡಿದರು.

ಗೆದ್ದೆವು ಅಂದುಕೊಂಡೆ. ಆಗ ಅದೇ ಲಾಯರು ಕೊನೆಗೊಂದು ಕೇಳಿದರು. "ಇರ್ಲಿ, ಸುಟ್ಟಿದ್ದು ಅಲ್ಲೇ ಅಂತಿಟ್ಕೊಳ್ಳೋಣ. ನಿಮ್ಮ ಕೆಲಸಕ್ಕೂ ಮುಖಕ್ಕೂ ಏನಮ್ಮ ಸಂಬಂಧ?"

ಅವಳು ಜಡ್ಜಿನ ಕಡೆ ತಿರುಗಿದಳು. "ಸ್ವಾಮಿ, ಈ ಸಾಹುಕಾರ್ರು ದಿನಾ ಬೆಳಿಗ್ಗೆ ನನ್ ಮುಖ ನೋಡ್ಕೊಂಡೇ ಗೂಡು ತರಕ್ಕೆ ಹೋಗ್ತಿದ್ರು. ಕೊಡ ಕೊಟ್ಟು ಎದುರು ಬಾ ಅಂತಿದ್ರು. ಆಗ ನನ್ ಮುಖ ಕೆಲಸ ಮಾಡ್ತಿತ್ತು. ಈಗ ನನ್ ಕಂಡ್ರೆ ಒಳಕ್ಕೋಗಿ ನೀರು ಕುಡ್ದು ಹೊರಡ್ತಾರೆ. ಕೆಟ್ಟಿಲ್ಲ ಅಂದ್ರೆ ಯಾಕ್ ನೀರು ಕುಡೀತಾರೆ, ಕೇಳಿ ಸ್ವಾಮಿ."

ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಜಡ್ಜು ಟೈಪಿಸ್ಟಿನ ಕಡೆ ನೋಡಿ, "ಶಕುನ ಗಿಕುನ ಎಲ್ಲ ಬೇಡ, ಅದನ್ನ ಬಿಟ್ಬಿಡಿ," ಅಂದರು. ಟಕಟಕ ಶಬ್ದ ನಿಂತಿತು. ಅವಳು ಹೇಳಿದ ಒಂದೇ ಒಂದು ನಿಜವಾದ ಮಾತು ಎಲ್ಲೂ ದಾಖಲಾಗಲಿಲ್ಲ. ಅದಕ್ಕೇ ನಾನು ಈ ಬೆರಳು ನೋಯಿಸಿಕೊಂಡು ಇಲ್ಲಿ ಬರೆದಿಡುತ್ತಿರುವುದು.

ತೀರ್ಪು ಬಂತು. ಮುಖ ಕೆಟ್ಟಿರುವುದು ಹೌದು, ಆದರೆ ತೀರಾ ಕೆಟ್ಟಿಲ್ಲ. ಕೈಕಾಲು ಸರಿಯಿವೆ. ಆದ್ದರಿಂದ ಇಷ್ಟು. ಆ ಇಷ್ಟರಲ್ಲಿ ಆಸ್ಪತ್ರೆಗೆ ಮಾಡಿದ ಸಾಲವೂ ತೀರುತ್ತಿರಲಿಲ್ಲ. ಲಾಯರಮ್ಮ ಮೇಲಿನ ಕೋರ್ಟಿಗೆ ಹೋಗೋಣ ಅಂದಳು. ಇವಳು ಕಾಗದಕ್ಕೆ ಸಹಿ ಹಾಕದೆ ಎದ್ದಳು. ಮನೆಗೆ ಬಂದು ಹುಣಸೆಹಣ್ಣಿನ ಮುಂದೆ ಕೂತಳು. ಬೀಜ ಕುಟ್ಟುವ ಸದ್ದು ದಿನವಿಡೀ ನನ್ನ ಜಗಲಿಗೆ ಕೇಳುತ್ತಿತ್ತು.

ಅಪೀಲಿನ ಸುದ್ದಿ ಸಾಹುಕಾರರ ಕಿವಿಗೆ ಬಿದ್ದಿರಬೇಕು. ಒಂದು ಬೆಳಿಗ್ಗೆ ಮಾರುಕಟ್ಟೆಗೆ ಹೊರಟವರು ನನ್ನ ಜಗಲಿಯ ಮುಂದೆ ಸ್ಕೂಟರು ನಿಲ್ಲಿಸಿದರು. ಇಳಿಯುವ ಮೊದಲೇ ಎದುರುಮನೆಯ ಬಾಗಿಲ ಕಡೆ ನೋಡಿ, ಮೆತ್ತಗೆ, "ಆಯಮ್ಮ ಒಳಗವಳಾ?" ಅಂತ ಕೇಳಿದರು. ಏನು ಮರ್ಯಾದೆಯಪ್ಪ ಅಂದುಕೊಂಡೆ. ಆಮೇಲೆ ಅರ್ಥವಾಯಿತು. ಇನ್ನೂ ಗೂಡು ಕೊಂಡಿಲ್ಲವಲ್ಲ.

"ಅಜ್ಜಮ್ಮ, ನೀವು ಹೇಳಿದ್ರೆ ಕೇಳ್ತಾಳೆ," ಅಂದರು. "ಸುಮ್ನೆ ಅಪೀಲು ಗಿಪೀಲು ಅಂತ ಯಾಕೆ ಅಲೀಬೇಕು? ಜಡ್ಜೇ ಹೇಳವ್ರೆ. ಏನೂ ಆಗಿಲ್ಲ ಆಯಮ್ಮನ ಮುಖಕ್ಕೆ. ನಮ್ ಕಣ್ಣಿಗಂತೂ ಮುಂಚೆ ಎಂಗಿದ್ಲೋ ಅಂಗೇ ಅವಳೆ."

ಎದುರುಮನೆಯ ಬಾಗಿಲು ತೆರೆಯಿತು. ಖಾಲಿ ಕೊಡ ಹಿಡಿದುಕೊಂಡು ಹೊಸಿಲ ಒಳಗೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಸಾಹುಕಾರರು ಫಕ್ಕನೆ ಮುಖ ತಿರುಗಿಸಿ ನನ್ನ ಗೋಡೆಯ ಮೇಲಿದ್ದ ಕ್ಯಾಲೆಂಡರು ಓದತೊಡಗಿದರು.

ನನ್ನ ಬಾಯಿ ಸುಮ್ಮನಿರುತ್ತದೆಯೇ? "ಕೇಳ್ದೇನೇ," ಅಂತ ಕೂಗಿದೆ, "ಸಾಹುಕಾರ್ರು ಹೇಳ್ತಾವ್ರೆ, ನಿನ್ ಮುಖ ಮುಂಚಿನಂಗೇ ಐತಂತೆ. ಏನಂತೀಯ?"

ಅವಳ ತುಟಿಯ ಒಂದು ತುದಿ ಮೇಲೆ ಹೋಯಿತು.

"ಹೌದಾ ದೊಡ್ಡಮ್ಮ? ಅಂಗಾದ್ರೆ ಅವ್ರನ್ನ ಅಲ್ಲೇ ನಿಲ್ಲಕ್ಕೆ ಹೇಳು. ಕೊಡ ತುಂಬಿಸ್ಕೊಂಡು ಎದುರು ಬರ್ತೀನಿ. ಒಳಕ್ಕೋಗಿ ನೀರು ಕುಡೀದೆ ನೇರ ಮಾರ್ಕೆಟ್ಟಿಗೆ ಹೋದ್ರೆ, ಅಪೀಲು ಬೇಡ."